ನೋಡದೆ ಬರೆದ ಎರಡು ಹಕ್ಕಿ

ತಲಕಾಡು

ನಾನು ಇಂಗ್ಲೆಂಡಿಗೆ ಹೋಗಿಬಂದದ್ದಕ್ಕೆ ನಮ್ಮವರ ಒಂದು ಅಭ್ಯಾಸವೇ ಕಾರಣ. ಎದುರಿಗೆ ಸಿಕ್ಕವರನ್ನೆಲ್ಲ "ಮನೆಗೆ ಬನ್ನಿ" ಎಂದು ಕರೆಯುವುದು. ಯಾರೂ ಬರುವುದಿಲ್ಲವೆಂದು ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು. "ಬರೋಣ ಬರೋಣ" ಅಂದರೆ ಅಲ್ಲಿಗೆ ಮಾತು ಮುಗಿಯಿತು, ಇಬ್ಬರ ಮರ್ಯಾದೆಯೂ ಉಳಿಯಿತು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ನೆಂಟರೊಬ್ಬರ ಜೊತೆ ತಲಕಾಡಿಗೆ ಹೋಗಿದ್ದೆ. ಅವರು ದೇವಸ್ಥಾನದ ಒಳಗೆ ಹೋದರು, ನಾನು ಹೊರಗೆ ಮರಳಿನಲ್ಲಿ ಅಡ್ಡಾಡುತ್ತಿದ್ದೆ. ಅಲ್ಲೊಬ್ಬ ವಯಸ್ಸಾದ ಬಿಳಿಯ ಹೆಂಗಸು ಫೋನನ್ನು ಮರದ ಕಡೆಗೆ ಎತ್ತಿಹಿಡಿದು ಅಲುಗಾಡದೆ ನಿಂತಿದ್ದರು. ಪಾಪ, ಸಿಗ್ನಲ್ ಸಿಗುತ್ತಿಲ್ಲವೇನೋ ಎಂದುಕೊಂಡು, ನದಿಯ ಕಡೆ ಹೋದರೆ ಚೆನ್ನಾಗಿ ಸಿಗುತ್ತದೆ ಎಂದು ಹೇಳಲು ಹತ್ತಿರ ಹೋದೆ. ಅವರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದರು. ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ಬೇರೆಯವರನ್ನು ಸುಮ್ಮನಾಗಿಸಿದ ಮನುಷ್ಯ ನಾನು. ಆದರೂ ಸುಮ್ಮನಾದೆ.

ಸ್ವಲ್ಪ ಹೊತ್ತಿಗೆ ಅವರ ಫೋನಿನ ಮೇಲೆ ಒಂದು ಹಕ್ಕಿಯ ಚಿತ್ರವೂ ಹೆಸರೂ ಮೂಡಿದವು. ಮರದಲ್ಲಿ ಕೂಗುತ್ತಿದ್ದ ಹಕ್ಕಿಯನ್ನು ಫೋನು ಕಿವಿಯಲ್ಲೇ ಗುರುತು ಹಿಡಿದಿತ್ತು. ನಿಮ್ಮ ಭಾಷೆಯಲ್ಲಿ ಇದಕ್ಕೇನನ್ನುತ್ತಾರೆ ಎಂದು ಕೇಳಿದರು. ನಾನು ಮರದ ಕಡೆ ಗಂಭೀರವಾಗಿ ನೋಡಿದೆ. ಕಂದು ಬಣ್ಣ, ಮೈನಾದಷ್ಟು ಗಾತ್ರ, ಹಿಂದೆ ಬಾಲ. "ಹಕ್ಕಿ" ಎಂದೆ. ಅವರು ಪುಸ್ತಕ ತೆಗೆದು ಅದನ್ನೇ ಬರೆದುಕೊಂಡರು.

ಅವರ ಹೆಸರು ಮೆರಿಯಲ್. ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಸಣ್ಣ ಊರಿನಲ್ಲಿ ಮನೆಮನೆಗೆ ಅಂಚೆ ಹಂಚಿ ನಿವೃತ್ತರಾದವರು. ಬರೀ ಮೆರಿಯಲ್ ಎಂದು ಕರೆಯಿರಿ ಅಂದರು. ನನಗಿಂತ ಎಂಟು ವರ್ಷ ದೊಡ್ಡವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಒಪ್ಪಲಿಲ್ಲ, "ಮೇಡಂ" ಎಂದೇ ಕರೆದೆ. ಬೀಳ್ಕೊಡುವಾಗ ಅಭ್ಯಾಸಬಲದಿಂದ, ನಂಜನಗೂಡಿನಲ್ಲಿ ನಮ್ಮ ಮನೆ, ಬನ್ನಿ ಅಂದುಬಿಟ್ಟೆ. ಅವರು ಅದೇ ಪುಸ್ತಕದಲ್ಲಿ ವಿಳಾಸವನ್ನೂ ಬರೆಸಿಕೊಂಡರು. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲು ತೆರೆದರೆ ಮೇಡಂ ನಿಂತಿದ್ದಾರೆ! ಹೆಂಡತಿ ಮಂಗಳ ನನ್ನ ಕಡೆ ಒಂದು ನೋಟ ನೋಡಿದಳು. ಆ ನೋಟವನ್ನು ಯಾವ ಭಾಷೆಗೂ ಅನುವಾದ ಮಾಡಬೇಕಾಗಿಲ್ಲ. ಪುಣ್ಯಕ್ಕೆ ಹಿಟ್ಟು ರುಬ್ಬಿತ್ತು. ಮೇಡಂ ಆರು ಇಡ್ಲಿ ತಿಂದು, ಹೊರಡುವಾಗ, ಈಗ ನೀವು ನಮ್ಮ ಮನೆಗೆ ಬರಬೇಕು ಎಂದರು. ನಾನು "ಬರೋಣ ಬರೋಣ" ಎಂದೆ.

ಎರಡು ತಿಂಗಳಿಗೆ ವೀಸಾಕ್ಕೆ ಬೇಕಾದ ಆಹ್ವಾನ ಪತ್ರ ಬಂತು.

ನಂಜನಗೂಡು

ಹೊರಡುವ ಮೊದಲು ನನ್ನ ಫೋನಿಗೂ ಆ ಹಕ್ಕಿ ಆ್ಯಪನ್ನು ಹಾಕಿಕೊಂಡು ಅಭ್ಯಾಸಕ್ಕೆ ಕೂತೆ. ನಮ್ಮ ಮನೆಯ ಹಿತ್ತಲಿನಾಚೆ ಒಂದು ತಗ್ಗು ಇದೆ. ಬೀದಿಯ ಮೋರಿ ನೀರೆಲ್ಲ ಬಂದು ಅಲ್ಲಿ ನಿಲ್ಲುತ್ತದೆ. ಆ ನೀರಿನಲ್ಲಿ ವರ್ಷವಿಡೀ ಕಪ್ಪು ರೆಕ್ಕೆ, ಬಿಳಿ ಮೈ, ಕೆಂಪಗೆ ಕಡ್ಡಿಯಂಥ ಉದ್ದ ಕಾಲಿನ ಹಕ್ಕಿಗಳು ಕಿಕ್ ಕಿಕ್ ಎಂದು ಗಲಾಟೆ ಮಾಡುತ್ತ ಓಡಾಡುತ್ತವೆ. ಇಪ್ಪತ್ತು ವರ್ಷದಿಂದ ಅವುಗಳ ಗಲಾಟೆಯಲ್ಲೇ ಮಧ್ಯಾಹ್ನದ ನಿದ್ದೆ ಮಾಡಿದವನು ನಾನು. ಅವಕ್ಕೆ ಮೆಟ್ಟುಗಾಲು ಹಕ್ಕಿ ಎಂಬ ಹೆಸರಿದೆ ಎಂದು ಆ್ಯಪು ನೋಡಿದ ಮೇಲೆ, ಅದರ ಇಂಗ್ಲಿಷ್ ಹೆಸರನ್ನು ಹಿಡಿದು ಹುಡುಕಿದಾಗ ತಿಳಿಯಿತು. ಆಮೇಲೆ ದಿನವೂ ಫೋನು ಹಿಡಿದು ಹಿತ್ತಲಲ್ಲಿ ನಿಲ್ಲುತ್ತಿದ್ದೆ. ಪಕ್ಕದ ಮನೆಯ ಹಾಲಿನ ಡೈರಿಯ ಬಸವಣ್ಣ ಗೋಡೆಯ ಮೇಲಿಂದ ಬಗ್ಗಿ, "ಏನ್ ಆರ್.ಐ. ಸಾ, ಈಗ ಕಾಗೆಗೂ ಖಾತೆ ಮಾಡ್ಕೊಡ್ತಿದೀರಂತೆ?" ಅಂದ.

ಅವನು ಅಂದದ್ದರಲ್ಲಿ ಅರ್ಥವಿತ್ತು. ನಾನು ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿದ್ದವನು. ನಮ್ಮ ಕೆಲಸದ ತಿರುಳು ಮಹಜರು. ಜಾಗಕ್ಕೆ ಖುದ್ದಾಗಿ ಹೋಗಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಪೂರ್ವಕ್ಕೆ ಏನು ಪಶ್ಚಿಮಕ್ಕೆ ಏನು ಎಂದು ನಾಲ್ಕು ದಿಕ್ಕಿನ ಚೆಕ್ಕುಬಂದಿ ಹಾಕಬೇಕು, ಕೆಳಗೆ ಇಬ್ಬರು ಪಂಚರ, ಅಂದರೆ ಸಾಕ್ಷಿಗಳ, ರುಜು ಪಡೆಯಬೇಕು. ಇಷ್ಟೇ. ಹಕ್ಕಿ ಆ್ಯಪು ಕೇಳುವುದೂ ಇದನ್ನೇ. ಎಲ್ಲಿ, ಯಾವಾಗ, ಎಷ್ಟು, ನೋಡಿದ್ದೋ ಕೇಳಿದ್ದೋ. ನನಗೆ ತವರಿಗೆ ಬಂದ ಹಾಗಾಯಿತು.

ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಮುಚ್ಚಿಟ್ಟಿದ್ದ ಅನ್ನುತ್ತೀರಿ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಸಣ್ಣ ಕೆರೆಯ ಮಹಜರಿಗೆ ಹೋಗಬೇಕಾಗಿತ್ತು. ಊರಿನ ಹೆಸರು ಬೇಡ. ಬಸ್ಸಿಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಕೆರೆ ಇನ್ನೂ ಎರಡು ಮೈಲಿ. ಬಸ್‌ಸ್ಟಾಪಿನ ಟೀ ಅಂಗಡಿಯಲ್ಲಿ ಇಬ್ಬರು ಕೂತಿದ್ದರು, ನೀರಿಲ್ಲ ಬುಡಿ ಸಾ ಅಂದರು. "ಸದರಿ ಕೆರೆಯು ಹಲವು ವರ್ಷಗಳಿಂದ ನೀರಿಲ್ಲದೆ ಬಯಲಾಗಿರುವುದನ್ನು ಖುದ್ದು ಕಂಡಿರುತ್ತೇನೆ" ಎಂದು ಅಲ್ಲೇ ಬೆಂಚಿನ ಮೇಲೆ ಬರೆದೆ, ಅವರಿಬ್ಬರ ರುಜುವನ್ನೇ ಹಾಕಿಸಿಕೊಂಡೆ. ಯಾರೂ ನನಗೆ ಏನೂ ಕೊಡಲಿಲ್ಲ. ಬರೀ ಸೋಮಾರಿತನ. ಸಂಜೆ ಮನೆಗೆ ಬಂದಾಗ ಮಂಗಳ ಬಾಗಿಲಲ್ಲಿ ನನ್ನ ಕಾಲು ನೋಡಿ, "ಕೆರೆಗೆ ಹೋಗಿದ್ದೆ ಅಂತೀರಿ, ಚಪ್ಪಲಿಗೆ ಕೆಸರೇ ಇಲ್ವಲ್ರೀ" ಎಂದಿದ್ದಳು. ನಾನು ರೇಗಿದ್ದೆ. ಆ ಕೆರೆ ಈಗ ಬಡಾವಣೆ.

ಮಂಗಳ ನನ್ನ ಜೊತೆ ಹೊರಡಲಿಲ್ಲ. ಹಸು ಗಬ್ಬವಾಗಿದೆ, ಅದೂ ಅಲ್ಲದೆ ನಿಮ್ಮನ್ನು ಇಲ್ಲೇ ನೋಡಿ ಸಾಕಾಗಿದೆ ಎಂದಳು.

ಲಂಡನ್

ವಿಮಾನ ನಿಲ್ದಾಣದ ಅಧಿಕಾರಿ ಬಂದ ಕಾರಣ ಕೇಳಿದ. ಹಕ್ಕಿ ನೋಡಲು ಎಂದೆ. ಯಾವ ಹಕ್ಕಿ ಎಂದ. ಇದ್ದ ಹಕ್ಕಿ ಎಂದೆ. ಅವನು ನನ್ನ ಮುಖವನ್ನೂ ಪಾಸ್‌ಪೋರ್ಟನ್ನೂ ಎರಡೆರಡು ಸಲ ನೋಡಿ ಠಸ್ಸೆ ಒತ್ತಿದ.

ಮೇಡಂ ಕರೆದೊಯ್ಯಲು ಬಂದಿದ್ದರು. ರೈಲಿಗೆ ಇನ್ನೂ ಹೊತ್ತಿತ್ತು, ಒಂದು ಪಾರ್ಕಿನಲ್ಲಿ ಕೂತೆವು. ಇಷ್ಟು ದೂರ ಬಂದಿದ್ದೇನೆ, ಮೊದಲ ಪರದೇಶಿ ಹಕ್ಕಿ ಯಾವುದಿರಬಹುದೆಂದು ಆ್ಯಪು ತೆರೆದು ಕಾದೆ. ತಲೆಯ ಮೇಲೆ ಕೀಚ್ ಎಂದು ಕಿರುಚುತ್ತ ಹಸಿರು ಗುಂಪೊಂದು ಹಾರಿತು. ನೋಡಿದರೆ ಗಿಳಿ! ನಮ್ಮದೇ ಗಿಳಿ, ಕೊರಳಲ್ಲಿ ಕೆಂಪು ಪಟ್ಟಿ, ಕಪಿಲಾ ನದಿಯ ದಂಡೆಯ ಮರಗಳಲ್ಲಿ ಇರುವಂಥದೇ. ಹಿಂದೆ ಯಾರೋ ಸಾಕಿದ್ದು ತಪ್ಪಿಸಿಕೊಂಡು ಇಲ್ಲಿ ಸಾವಿರಗಟ್ಟಲೆ ಆಗಿವೆಯಂತೆ. ಅವು ಯಾವ ಆಹ್ವಾನ ಪತ್ರವೂ ಇಲ್ಲದೆ ನೆಮ್ಮದಿಯಾಗಿದ್ದವು.

ಮೇಡಂ ಊರು

ಆ ಊರಿನಲ್ಲಿ ಎಲ್ಲರಿಗೂ ಎಲ್ಲ ಹಕ್ಕಿಯ ಹೆಸರೂ ಗೊತ್ತು. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ನಮ್ಮಲ್ಲಿ ಪಕ್ಕದ ಮನೆಯವರ ಮೂರು ತಲೆಮಾರು, ಅವರ ಜಮೀನಿನ ತಕರಾರು, ಸೊಸೆಯ ತವರು ಎಲ್ಲ ಗೊತ್ತು. ಗೋಡೆಯ ಮೇಲೆ ಕೂತ ಹಕ್ಕಿ ಮಾತ್ರ ಯಾವುದೋ ಒಂದು ಹಕ್ಕಿ. ದಾರಿಯಲ್ಲಿ ಸಿಕ್ಕವರು ಮೇಡಂಗೆ ಇವತ್ತು ಏನು ಕಂಡಿತು ಎಂದು ಕೇಳುತ್ತಿದ್ದರು, ಇವರು ಯಾರು ಎಂದು ನನ್ನ ಬಗ್ಗೆ ಒಬ್ಬರೂ ಕೇಳಲಿಲ್ಲ. ನಂಜನಗೂಡಿನಲ್ಲಿ ಒಬ್ಬ ಇಂಗ್ಲಿಷಿನವನು ನನ್ನ ಜೊತೆ ತರಕಾರಿಗೆ ಬಂದಿದ್ದರೆ, ಮಾರುಕಟ್ಟೆ ದಾಟುವುದರೊಳಗೆ ಅವನಿಗೆ ಎಷ್ಟು ಮಕ್ಕಳು ಎಂಬುದು ಊರಿಗೆಲ್ಲ ಗೊತ್ತಾಗಿರುತ್ತಿತ್ತು.

ಮೇಡಂ ಮನೆಯ ಹಿಂದೆಯೂ ಒಂದು ತಗ್ಗು ಇತ್ತು. ನನ್ನ ಕಣ್ಣಳತೆಯಲ್ಲಿ ಎರಡೂವರೆ ಎಕರೆ ಜೌಗು, ಜೊಂಡು, ನಡುವೆ ಮೊಳಕಾಲುದ್ದ ನೀರು. ನಮ್ಮ ಹಿತ್ತಲಿನದಕ್ಕೂ ಇದಕ್ಕೂ ವಾಸನೆಯೊಂದೇ ವ್ಯತ್ಯಾಸ. ಅದನ್ನು ಮುಚ್ಚಿ, ರಜೆಗೆ ಬರುವವರ ಕ್ಯಾರವಾನ್ ಎಂಬ ಮನೆಗಾಡಿಗಳನ್ನು ನಿಲ್ಲಿಸುವ ಜಾಗ ಮಾಡಬೇಕೆಂದು ಜಮೀನಿನವರು ಅರ್ಜಿ ಹಾಕಿದ್ದರು. ಶುಕ್ರವಾರ ಸಂಜೆ ಊರಿನ ಮಂಡಳಿಯ ಸಭೆ, ಅಂದೇ ತೀರ್ಮಾನ. ಮೇಡಂ ಮೂರು ವರ್ಷದಿಂದ ದಿನಾ ಬೆಳಿಗ್ಗೆ ಅಲ್ಲಿನ ಹಕ್ಕಿಗಳನ್ನು ಬರೆದಿಟ್ಟಿದ್ದರು. ಮೂವತ್ತು ವರ್ಷ ಆ ಜೌಗಿನ ಪಕ್ಕದ ದಾರಿಯಲ್ಲೇ ಅಂಚೆ ಚೀಲ ಹೊತ್ತವರು, ಗಂಡ ತೀರಿಕೊಂಡ ವರ್ಷ ಬೆಳಿಗ್ಗೆ ಎದ್ದು ಅಲ್ಲಿ ಕೂರುವುದೊಂದೇ ನನಗೆ ಕೆಲಸವಾಗಿತ್ತು ಎಂದರು. ಅಷ್ಟು ಹೇಳಿ, ಸಕ್ಕರೆ ಎಷ್ಟು ಚಮಚ ಎಂದು ಕೇಳಿದರು.

ಸಮಸ್ಯೆ ಏನೆಂದರೆ ಅವರ ಪಟ್ಟಿಯಲ್ಲಿದ್ದ ಹಕ್ಕಿಗಳೆಲ್ಲ ಮಾಮೂಲಿ. ನೀರುಕೋಳಿ, ಬಾತು, ಗುಬ್ಬಿಗಿಂತ ಸಣ್ಣವು ಹತ್ತಾರು. ಅಪರೂಪದ್ದು ಒಂದಾದರೂ ಇಲ್ಲದಿದ್ದರೆ ಮಂಡಳಿ ಕಿವಿಗೊಡುವುದಿಲ್ಲ ಎಂದು ಜೆಫ್ರಿ ಎಂಬವರು ಹೇಳಿದ್ದರು. ಆ ಸೀಮೆಯಲ್ಲಿ ಯಾರು ಯಾವ ಹಕ್ಕಿ ಕಂಡೆ ಎಂದರೂ ಅದನ್ನು ಪರಿಶೀಲಿಸಿ ಒಪ್ಪುವವರು, ಇಲ್ಲವೆ ತಳ್ಳಿಹಾಕುವವರು ಈ ಜೆಫ್ರಿ. ಒಟ್ಟಿನಲ್ಲಿ ಹಕ್ಕಿಗಳ ತಹಸೀಲ್ದಾರ್.

ಮೂರನೇ ದಿನ

ಬುಧವಾರ ಬೆಳಿಗ್ಗೆ ಆರು ಗಂಟೆಗೆ ನಾವಿಬ್ಬರೂ ಜೌಗಿನ ಅಂಚಿನ ಬೆಂಚಿನ ಮೇಲೆ ಕೂತಿದ್ದೆವು. ಮೇಡಂ ತಮ್ಮ ಫೋನಿನಲ್ಲಿ ಆ್ಯಪನ್ನು ಚಾಲೂ ಮಾಡಿ, ಅದು ತನ್ನಷ್ಟಕ್ಕೆ ಕೇಳಿಸಿಕೊಳ್ಳಲಿ ಎಂದು ಪಕ್ಕದ ಮೋಟುಗೋಡೆಯ ಮೇಲಿಟ್ಟು, ಟೀ ಫ್ಲಾಸ್ಕ್ ತರಲು ಒಳಗೆ ಹೋದರು. ಆ ಹೊತ್ತಿಗೆ ನನ್ನ ಫೋನಿಗೆ ಮಂಗಳಳ ಧ್ವನಿ ಸಂದೇಶ ಬಂತು. ನಮ್ಮ ಕಡೆ ಆಗ ಹತ್ತೂವರೆ, ಹಿತ್ತಲಲ್ಲಿ ಪಾತ್ರೆ ತೊಳೆಯುವ ಸಮಯ. ನನಗೆ ಕಿವಿ ಸ್ವಲ್ಪ ಮಂದ. ದನಿ ಪೂರ್ತಿ ಏರಿಸಿ ಎರಡು ಸಲ ಕೇಳಿದೆ. "ರೀ, ಹಸು ಇವತ್ತೋ ನಾಳೆಯೋ ಕರು ಹಾಕತ್ತೆ. ಮೋರಿ ನೀರು ಉಕ್ಕಿ ಹಿತ್ತಲಿಗೇ ಬಂದಿದೆ. ಬಂದ್ಮೇಲೆ ಒಂದು ಅರ್ಜಿ ಬರ್ಕೊಡಿ. ಅಲ್ಲಿ ಚಳಿ ಇದ್ರೆ ಮಫ್ಲರ್ ಹಾಕ್ಕೊಳಿ." ಹಿಂದೆ ಹಿತ್ತಲಿನ ಎಂದಿನ ಗಲಾಟೆ.

ಫೋನನ್ನು ಜೇಬಿಗೆ ಹಾಕಿ ಗೋಡೆಯ ಕಡೆ ನೋಡಿದರೆ ಮೇಡಂ ಆ್ಯಪಿನಲ್ಲಿ ಹೆಸರುಗಳು ಸಾಲಾಗಿ ಬಂದಿದ್ದವು. ಕೊನೆಯಲ್ಲಿ, ಅಪರೂಪ ಎಂಬ ಕೆಂಪು ಚುಕ್ಕೆಯ ಜೊತೆ, ನನಗೆ ಚೆನ್ನಾಗಿ ಗೊತ್ತಿದ್ದ ಚಿತ್ರ. ಮೆಟ್ಟುಗಾಲು ಹಕ್ಕಿ! ಎದೆ ಹಿಗ್ಗಿತು. ನಮ್ಮೂರಿನವರು ಯಾರೋ ಪರದೇಶದ ಬಸ್‌ಸ್ಟಾಂಡಿನಲ್ಲಿ ಸಿಕ್ಕ ಹಾಗಾಯಿತು. ಎದ್ದು ನೋಡಿದೆ. ದೂರದಲ್ಲಿ ಜೊಂಡಿನ ಹಿಂದೆ ಬಿಳಿಯದೇನೋ ಅಲ್ಲಾಡಿತು. ಪ್ಲಾಸ್ಟಿಕ್ ಚೀಲವಿರಬಹುದಿತ್ತು. ಆದರೆ ಈ ದೇಶದಲ್ಲಿ ಪ್ಲಾಸ್ಟಿಕ್ ಹಾರಾಡುವುದಿಲ್ಲ ಎಂದು ಹಿಂದಿನ ದಿನವಷ್ಟೇ ಹೊಗಳಿದ್ದೆನಾದ್ದರಿಂದ ಅದು ಹಕ್ಕಿಯೇ ಎಂದು ತೀರ್ಮಾನಿಸಿದೆ.

ಮೇಡಂ ಬಂದು ಪರದೆ ನೋಡಿದರು. ಫ್ಲಾಸ್ಕನ್ನು ಕೆಳಗಿಟ್ಟು ಫೋನನ್ನು ಕೈಗೆ ತೆಗೆದುಕೊಂಡರು.

"ನೀವು ಕಣ್ಣಾರೆ ನೋಡಿದಿರಾ?"

"ನೋಡಿದೆ" ಎಂದೆ.

"ಎಷ್ಟು?"

"ಎರಡು." ಅವು ನಮ್ಮ ಹಿತ್ತಲಿನಲ್ಲಿ ಯಾವಾಗಲೂ ಜೋಡಿಯಾಗಿಯೇ ಇರುತ್ತವೆ.

ಆ ಹಕ್ಕಿ ಅವರ ದೇಶಕ್ಕೆ ಅಪರೂಪಕ್ಕೊಮ್ಮೆ ಬರುತ್ತದಂತೆ. ಜೋಡಿಯಾಗಿ ಬಂದರೆ ಗೂಡು ಕಟ್ಟಬಹುದು, ಗೂಡು ಕಟ್ಟಿದರೆ ಜೌಗನ್ನು ಯಾರೂ ಮುಟ್ಟುವ ಹಾಗಿಲ್ಲ. ಜೆಫ್ರಿ ಒಪ್ಪುವಂಥ ವಿವರವಾದ ಟಿಪ್ಪಣಿ ಬೇಕು ಎಂದು ಮೇಡಂ ಕೇಳಿದಾಗ ನಾನು ಅಂಗಿಯ ತೋಳು ಮಡಿಸಿದೆ. ಹಕ್ಕಿಯ ಬಣ್ಣ, ಕಾಲಿನ ಉದ್ದ, ನಡೆಯುವ ರೀತಿ, ಕೂಗಿನ ಬಗೆ ಎಲ್ಲ ಬಾಯಿಪಾಠದ ಹಾಗೆ ಬಂತು. ಕೊನೆಗೆ ಚೆಕ್ಕುಬಂದಿ: ಪೂರ್ವಕ್ಕೆ ಮುರಿದ ಬೇಲಿ, ಪಶ್ಚಿಮಕ್ಕೆ ಜೊಂಡು, ಉತ್ತರಕ್ಕೆ ಬಾಗಿದ ಮರ, ದಕ್ಷಿಣಕ್ಕೆ ಈ ಬೆಂಚು. ಇದರ ಮಧ್ಯೆ ಸದರಿ ಹಕ್ಕಿ ಎರಡು. ಇಂಥ ಅಚ್ಚುಕಟ್ಟಾದ ಟಿಪ್ಪಣಿ ನನ್ನ ಕೈಗೆ ಈವರೆಗೆ ಬಂದಿಲ್ಲ ಎಂದು ಜೆಫ್ರಿ ಫೋನಿನಲ್ಲಿ ಹೇಳಿದರಂತೆ. ಸರ್ವಿಸಿನಲ್ಲಿ ಒಬ್ಬ ಮೇಲಧಿಕಾರಿಯೂ ನನಗೆ ಹಾಗೆ ಹೇಳಿರಲಿಲ್ಲ.

ನಾಲ್ಕನೇ ದಿನ

ಗುರುವಾರ ಎದ್ದು ಕಿಟಕಿ ಸರಿಸಿದರೆ ಜೌಗಿನ ಅಂಚಿನಲ್ಲಿ ಮೂವತ್ತು ಜನ ದುರ್ಬೀನು ನೆಟ್ಟು ಸಾಲಾಗಿ ನಿಂತಿದ್ದರು. ಸುದ್ದಿ ಆ್ಯಪಿನ ಮೂಲಕವೇ ಹರಡಿತ್ತು. ಸೋನೆ ಮಳೆ. ಒಬ್ಬರೂ ಮಾತಾಡುತ್ತಿಲ್ಲ, ಒಬ್ಬರೂ ನುಗ್ಗುತ್ತಿಲ್ಲ. ನಮ್ಮಲ್ಲಿ ಮೂವತ್ತು ಜನ ಹೀಗೆ ನಿಂತಿದ್ದರೆ ಅಷ್ಟು ಹೊತ್ತಿಗೆ ಕಡಲೆಕಾಯಿ ಗಾಡಿ ಬಂದಿರುತ್ತಿತ್ತು.

ನನಗೆ ಸನ್ಮಾನವೋ ಸನ್ಮಾನ. ಕೈ ಕುಲುಕಿದರು, ಬಿಸ್ಕತ್ತು ಕೊಟ್ಟರು. ನಾನು ಬಾಗಿದ ಮರದಿಂದ ಹಿಡಿದು ನಾಲ್ಕೂ ಗಡಿ ತೋರಿಸಿದೆ. ಮಧ್ಯಾಹ್ನದವರೆಗೆ ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ ಹಸಿರು ಕೋಟಿನವರೊಬ್ಬರು, ಜೊಂಡಿನ ನಡುವೆ ಒಂದು ಕ್ಷಣ ಕೆಂಪು ಕಾಲು ಕಂಡೆ ಎಂದರು. ಉಳಿದವರಿಗೆ ಹೊಟ್ಟೆಕಿಚ್ಚಾಯಿತು. ನನಗೆ ಬಹಳ ಸಮಾಧಾನವಾಯಿತು, ಎರಡನೆಯ ಪಂಚರ ರುಜುವೂ ಬಿದ್ದ ಹಾಗಾಯಿತಲ್ಲ.

ಮೇಡಂ ಅಂದು ಹಾಡು ಗುನುಗಿಕೊಂಡು ಅಡಿಗೆ ಮಾಡಿದರು. ಆ ಮನೆಯಲ್ಲಿ ಅವರ ದನಿ ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು.

ಐದನೇ ದಿನ

ಶುಕ್ರವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ಒಬ್ಬನೇ ಕೂತಿದ್ದೆ. ಮೇಡಂ ಹೊರಗೆ ದುರ್ಬೀನಿನವರಿಗೆ ಟೀ ಕೊಡುತ್ತಿದ್ದರು. ಕಿಟಕಿಯಾಚೆಯ ಹಕ್ಕಿಗಳನ್ನು ಕೇಳಿಸಿಕೊಳ್ಳಲಿ ಎಂದು ಅವರ ಫೋನನ್ನು ಕಿಟಕಿಯಲ್ಲೇ ಇಟ್ಟುಹೋಗಿದ್ದರು. ಹಸು ಹೆಣ್ಣುಗರು ಹಾಕಿದೆ ಎಂದು ಮಂಗಳಳ ಹೊಸ ಸಂದೇಶ ಬಂದಿತ್ತು. ಖುಷಿಯಿಂದ ದನಿ ಏರಿಸಿ ಕೇಳಿದೆ. ಕಣ್ಣೆದುರಿಗೇ ಕಿಟಕಿಯ ಮೇಲಿನ ಫೋನಿನಲ್ಲಿ ಕೆಂಪು ಚುಕ್ಕೆ ಮೂಡಿತು. ಮೆಟ್ಟುಗಾಲು ಹಕ್ಕಿ.

ಹೊರಗೆ ನೋಡಿದೆ. ಮೂವತ್ತು ಜನ ಕಣ್ಣು ನೆಟ್ಟಿದ್ದಾರೆ, ಒಬ್ಬರೂ ಅಲುಗಾಡಲಿಲ್ಲ. ಸಂದೇಶವನ್ನು ಇನ್ನೊಮ್ಮೆ ಹಾಕಿದೆ. ಮಂಗಳ ಕರುವಿನ ಬಣ್ಣ ಹೇಳುತ್ತಿದ್ದಳು, ಅವಳ ಹಿಂದೆ ಮೋರಿ ನೀರಿನಲ್ಲಿ ಕಿಕ್ ಕಿಕ್ ಕಿಕ್. ಹೆಸರು ಮತ್ತೆ ಮಿನುಗಿತು. ಆ್ಯಪು ಸರಿಯಾಗಿಯೇ ಹೇಳಿತ್ತು. ಹಕ್ಕಿ ಇತ್ತು, ಕೂಗಿತ್ತು, ಆದರೆ ನಂಜನಗೂಡಿನಲ್ಲಿ. ಸುಳ್ಳು ಹೇಳಿದವನು ನಾನೊಬ್ಬನೇ.

ಮೊದಲು ಬಂದ ಯೋಚನೆ ಒಳ್ಳೆಯದೇನಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹಸಿರು ಕೋಟಿನವರಂತೂ ಸಾಯುವವರೆಗೂ ಆ ಕಾಲನ್ನು ಬಿಟ್ಟುಕೊಡಲಾರರು. ಅವತ್ತು ನೋಡದೆ ಬರೆದು ಒಂದು ಕೆರೆ ಕಳೆದೆ, ಇವತ್ತು ನೋಡದೆ ಬರೆದು ಒಂದು ಜೌಗು ಉಳಿಸುತ್ತೇನೆ, ಅದಕ್ಕೂ ಇದಕ್ಕೂ ವಜಾ ಆಗಿಹೋಗಲಿ. ಈ ವಾದ ನನಗೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಮಂಗಳಳಿಗೂ ಹೇಳೋಣ ಎಂದು ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನೀವು ಆ ನೀರ್ ಹತ್ರ ಹೋಗಿದ್ರಾ?" ಅಂದಳು.

"ಬೆಂಚಿನಿಂದ ನೋಡಿದೆ."

"ಚಪ್ಪಲಿ ಕೆಸರಾಗಿತ್ತಾ?"

"ಇಲ್ಲಿ ಬೂಟು ಕಣೇ."

"ಬೂಟು ಕೆಸರಾಗಿತ್ತಾ?"

ಕರುವಿಗೆ ಹಾಲು ಕುಡಿಸಬೇಕು ಎಂದು ಅವಳು ಫೋನ್ ಇಟ್ಟಳು.

ಮೇಡಂ ಖಾಲಿ ಲೋಟಗಳನ್ನು ಹಿಡಿದು ಒಳಗೆ ಬಂದರು. ಕೂತುಕೊಳ್ಳಿ ಎಂದೆ. ಸಂದೇಶ ಹಾಕಿ ತೋರಿಸಿದೆ, ಕೆಂಪು ಚುಕ್ಕೆ ತೋರಿಸಿದೆ. ನಾನು ನೋಡಿರಲಿಲ್ಲ, ನೋಡಿದೆ ಎಂದು ಬರೆದೆ ಎಂದೆ. ಅವರು ಲೋಟಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ನೋಡದೆ ಇರುವುದನ್ನು ನೋಡಿದೆ ಎಂದು ಏಕೆ ಬರೆದಿರಿ? ಅವರು ಎದ್ದುಹೋಗಿ ಮಳೆಯಲ್ಲಿ ನಿಂತಿದ್ದ ಆ ಮೂವತ್ತು ಜನಕ್ಕೂ ತಾವೇ ಹೇಳಿದರು. ಒಬ್ಬೊಬ್ಬರಾಗಿ ದುರ್ಬೀನು ಮಡಿಸಿಕೊಂಡು, ಟೀಗೆ ವಂದನೆ ಹೇಳಿ ಹೊರಟರು. ಹಸಿರು ಕೋಟಿನವರು ಕೊನೆಗೆ ಹೋದರು.

ಸಭೆ

ಸಂಜೆಯ ಸಭೆ ಊರಿನ ಸಣ್ಣ ಹಾಲ್‌ನಲ್ಲಿ ನಡೆಯಿತು. ಮರದ ಕುರ್ಚಿ, ಗೋಡೆಗಡಿಯಾರ, ಟೀ, ಬಿಸ್ಕತ್ತು. ಮೇಡಂ ಎದ್ದು ನಿಂತು, ಆ ಅಪರೂಪದ ಹಕ್ಕಿಯ ದಾಖಲೆ ತಪ್ಪು, ಅದನ್ನು ಹಿಂದಕ್ಕೆ ಪಡೆದಿದ್ದೇವೆ ಎಂದು ಮೊದಲ ಮಾತಿನಲ್ಲೇ ಹೇಳಿದರು. ನನ್ನ ಹೆಸರು ಹೇಳಲಿಲ್ಲ. ನಾನೇ ಎದ್ದು ಹೇಳಬೇಕಿತ್ತು. ಎದ್ದೆ, ಹೇಳಿದೆ. ಎಲ್ಲರೂ ತಿರುಗಿ ನೋಡಿದರು, ಬಹಳ ಪ್ರಾಮಾಣಿಕರು ಎಂದು ತಲೆಯಾಡಿಸಿದರು. ಆ ತಲೆಯಾಡಿಕೆ ನನಗೆ ಹಿಂಸೆಯಾಯಿತು.

ಆಮೇಲೆ ಮೇಡಂ ಮೂರು ವರ್ಷದ ಪಟ್ಟಿ ಓದಿದರು. ನೀರುಕೋಳಿ, ಬಾತು, ಕಪ್ಪೆ, ಇನ್ನೂ ಏನೇನೋ. ಒಂದೊಂದಕ್ಕೂ ದಿನ, ಹೊತ್ತು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು. ಅಧ್ಯಕ್ಷರು ಮಂಡಳಿಯವರ ಕೈ ಎತ್ತಿಸಿದರು. ಮನೆಗಾಡಿಗಳ ಪರವಾಗಿ ಐದು ಕೈ, ಜೌಗಿನ ಪರವಾಗಿ ಮೂರು.

ಎರಡು ಹಕ್ಕಿ ಇದ್ದಿದ್ದರೆ ಸಾಕಾಗಿತ್ತು ಎಂದು ಲೆಕ್ಕ ಹಾಕಿದವನು ಆ ಹಾಲ್‌ನಲ್ಲಿ ನಾನೊಬ್ಬನೇ ಆಗಿರಲಾರೆ. ನಿಜ ಹೇಳಿದ ಹೆಸರು ನನಗೆ ಬಂತು, ಜೌಗು ಹೋದದ್ದು ಮೇಡಂದು. ಮನೆಗೆ ನಡೆಯುವಾಗ ಅವರು, ನಾಳೆ ನಿಮ್ಮ ರೈಲಿಗೆ ಬುತ್ತಿ ಕಟ್ಟಿಕೊಡುತ್ತೇನೆ, ಚೀಸ್ ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ನನಗೆ ಅಳು ಬಂದಿತ್ತು, ಕತ್ತಲಲ್ಲಿ ಮಫ್ಲರಿನಿಂದ ಒರೆಸಿಕೊಂಡೆ.

ತಿ. ನರಸೀಪುರದ ದಾರಿ

ಊರಿಗೆ ಬಂದ ಮೇಲೆ ಎಲ್ಲರಿಗೂ ಲಂಡನ್ನಿನ ಗಿಳಿಯ ಕಥೆ ಹೇಳಿದೆ. ಜೌಗಿನದು ಹೇಳಲಿಲ್ಲ. ಮೇಡಂಗೆ ಪತ್ರ ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲ ಎದ್ದೆ. ದಸರಾ ಕಳೆದು ಒಂದು ವಾರ ಜೋರು ಮಳೆ ಹಿಡಿಯಿತು. ಬಿಟ್ಟ ದಿನ, ಎಲ್ಲಿಗೆ ಎಂದು ಮಂಗಳಳಿಗೂ ಹೇಳದೆ, ತಿ. ನರಸೀಪುರದ ಬಸ್ಸು ಹತ್ತಿದೆ. ನಡುದಾರಿಯಲ್ಲಿ ಆ ಬಸ್‌ಸ್ಟಾಪಿನಲ್ಲಿ ಇಳಿದೆ. ಟೀ ಅಂಗಡಿ ಇದ್ದ ಕಡೆ ಈಗ ಮೊಬೈಲ್ ಅಂಗಡಿ. ಎರಡು ಮೈಲಿ ನಡೆದೆ. ಇಪ್ಪತ್ತೆರಡು ವರ್ಷ ತಡವಾಗಿ.

ಕೆರೆಯ ಜಾಗದಲ್ಲಿ ನಾಲ್ಕು ಸಾಲು ಮನೆ. ನಡುವೆ ಇನ್ನೂ ಮನೆ ಕಟ್ಟದ ಸೈಟುಗಳಲ್ಲಿ ಮೊಳಕಾಲುದ್ದ ಮಳೆನೀರು ನಿಂತಿತ್ತು. ಆ ನೀರಿನಲ್ಲಿ ಎರಡು ಮೆಟ್ಟುಗಾಲು ಹಕ್ಕಿ. ಕಿಕ್ ಎಂದು ಒಮ್ಮೆ ಕೂಗಿ, ನನ್ನನ್ನು ಲೆಕ್ಕಕ್ಕೇ ಇಡದೆ ಹುಳ ಹೆಕ್ಕಲು ತೊಡಗಿದವು. ನೀರೆಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು, ಹಕ್ಕಿಯೂ ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂದಿತ್ತು. ಫೋನು ತೆಗೆದು ಆ್ಯಪು ತೆರೆದೆ. ಈ ಸಲ ಕಣ್ಣಾರೆ ನೋಡಿದ್ದೇನೆ.

ಎದುರು ಮನೆಯ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಐವತ್ತರ ಆಸುಪಾಸು, ಸೀರೆ ಎತ್ತಿ ಕಟ್ಟಿ ಕೈಯಲ್ಲಿ ಪೊರಕೆ ಹಿಡಿದು ಒಳಗಿನ ನೀರನ್ನು ಹೊರಕ್ಕೆ ತಳ್ಳುತ್ತಿದ್ದಳು.

"ಏನ್ ಸಾ, ಆಗ್ಲಿಂದ ಪೋಟ ತೆಗೀತಿದೀರಿ? ಪಂಚಾಯ್ತಿಯೋರಾ?"

ಅಲ್ಲ ಎಂದೆ, ಹಕ್ಕಿ ನೋಡುತ್ತಿದ್ದೇನೆ ಎಂದೆ.

"ಅದ್ನೇನ್ ನೋಡೀರಿ, ನಮ್ ಪಾಡ್ ನೋಡಿ. ಮಳೆ ಉಯ್ದ್ರೆ ಸಾಕು, ಒಲೆಗಂಟ ನೀರು. ಮೊದ್ಲು ಇದು ಕೆರೆಯಂತೆ ಕಣ್ಸಾ. ಯಾವನೋ ಪುಣ್ಯಾತ್ಮ ನೀರೇ ಇಲ್ಲ ಅಂತ ಬರ್ದ್ಕೊಟ್ಟವ್ನಂತೆ. ಅರ್ಜಿ ಕೊಡಾಕೋದ್ರೆ, ದಾಖಲೇಲಿ ಇಲ್ಲಿ ನೀರು ನಿಲ್ಲಾದೇ ಇಲ್ಲ ಅಂತರೆ."

ಇಂಗ್ಲಿಷಿನಲ್ಲಿ ಎದ್ದು ನಿಂತು ಹೇಳುವುದು ಎಷ್ಟು ಸುಲಭವಾಗಿತ್ತು ಎಂದು ಆಗ ಗೊತ್ತಾಯಿತು. ಅಲ್ಲಿ ನನ್ನನ್ನು ಬಲ್ಲವರಿರಲಿಲ್ಲ, ಬೆಳಗಾದರೆ ರೈಲಿತ್ತು. ಇಲ್ಲಿಂದ ನಮ್ಮ ಮನೆಗೆ ಮುಕ್ಕಾಲು ಗಂಟೆಯ ದಾರಿ.

"ಆ ಪುಣ್ಯಾತ್ಮ ನಾನೇ ಕಣಮ್ಮ."

ಅವಳು ಪೊರಕೆ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೂಗಾಡುತ್ತಾಳೆ, ಜನ ಸೇರಿಸುತ್ತಾಳೆ ಎಂದುಕೊಂಡೆ. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

"ಅಂಗಾರೆ ಒಳಿಕ್ ಬನ್ನಿ. ಆವತ್ತಂತೂ ನೋಡ್ನಿಲ್ಲ, ಇವತ್ತಾದ್ರೂ ನೋಡ್ಬುಟ್ಟು ಓಗಿ."

ಖಾಲಿ ಸೈಟಿನ ನೀರಿಗೆ ಇಳಿದೆ. ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು, ಎಳೆದುಕೊಂಡು ದಾಟಿದೆ. ಹಕ್ಕಿಗಳು ಎದ್ದು ಅತ್ತ ಹೋಗಿ ಕೂತವು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಗೋಡೆಯ ಮೇಲೆ ಒಂದರ ಮೇಲೊಂದು ನೀರಿನ ಕಲೆಯ ಗೆರೆಗಳು. ಅವಳು ಒಂದೊಂದರ ಮೇಲೂ ಬೆರಳಿಟ್ಟು ತೋರಿಸಿದಳು. ಇದು ಮಗಳ ಬಾಣಂತನದ ವರ್ಷದ್ದು, ಇದು ಹೋದ ವರ್ಷದ್ದು, ಇದು ಮೊನ್ನೆಯದು. ಮೊನ್ನೆಯದು ನನ್ನ ಮಂಡಿಗಿಂತ ಮೇಲಿತ್ತು.

"ಬರ್ಕೊಳಿ" ಅಂದಳು.

ನಾನು ಫೋನು ತೆಗೆದೆ.

"ಪೋನಲ್ಲಿ ಬ್ಯಾಡ. ಪೋನು ನಿಮ್ ಜೊತೇಲೇ ಒಂಟೋಯ್ತದೆ."

ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟಳು. ಹೆಸರು ಕೇಳಿದೆ, ಮಹದೇವಮ್ಮ ಅಂದಳು. ಒಲೆಯ ಕಟ್ಟೆಯ ಮೇಲೆ ಹಾಳೆಯಿಟ್ಟು ಬರೆದೆ. ಪೂರ್ವಕ್ಕೆ ಮಹದೇವಮ್ಮನವರ ಮನೆ, ಪಶ್ಚಿಮಕ್ಕೆ ಖಾಲಿ ಸೈಟು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಹಳೆಯ ಏರಿಯ ಗುರುತು. ಸದರಿ ಜಾಗದಲ್ಲಿ ನೀರು ನಿಂತಿರುವುದನ್ನು ಖುದ್ದು ಕಂಡಿರುತ್ತೇನೆ. ಹಿಂದೆ ನೀರಿಲ್ಲವೆಂದು ಬರೆದದ್ದು ನಾನೇ, ಅಂದು ಜಾಗಕ್ಕೆ ಬಂದಿರಲಿಲ್ಲ. ಬರೆದದ್ದನ್ನು ಓದಿ ಹೇಳಿ ಎಂದಳು, ಓದಿದೆ. ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದಳು. ರುಜು ಹಾಕಿದೆ. ಕೆಳಗೆ ಪಂಚರ ಜಾಗದಲ್ಲಿ ಅವಳು ಹೆಬ್ಬೆಟ್ಟು ಒತ್ತಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ದೇವರ ಪಟದ ಹಿಂದೆ ಸಿಕ್ಕಿಸಿದಳು. ಸೋಮವಾರ ಅದನ್ನು ಹಿಡಿದುಕೊಂಡು ಕಚೇರಿಗೆ ಹೋಗುವುದು, ನಾನೂ ಜೊತೆಗಿರಬೇಕು ಎಂದಳು. ಬರೋಣ ಎಂದೆ. ಎಂದ ಮೇಲೆ ಆ ಮಾತು ಕಿವಿಗೆ ಬಿದ್ದು, "ಬರುತ್ತೇನೆ" ಎಂದು ತಿದ್ದಿದೆ.

ಬಸ್ಸಿನಲ್ಲಿ ಕೂತ ಮೇಲೆ ಫೋನು ನೋಡಿಕೊಂಡೆ. ಆ ಗಡಿಬಿಡಿಯಲ್ಲಿ ಆ್ಯಪು ತಾನೇ ಮುಚ್ಚಿಹೋಗಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಕೆಸರಿಗಿಳಿದು ನೋಡಿದ ಆ ಎರಡು ಹಕ್ಕಿ ಯಾವ ದಾಖಲೆಯಲ್ಲೂ ಇಲ್ಲ.